ರತ್ನನಿಗೆ ಮೌನಾಚರಣೆ ಒಗ್ಗುವುದಿಲ್ಲ

ಅಪ್ಪನ ನೆನಪಿಗೆ ಗುಡಿ ಕಟ್ಟಿಸುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ನಿಲ್ಲಲಿಲ್ಲ. ಅರಿಕುಠಾರ ಎಂಬ ಊರಿಗೆ, ಅಲ್ಲೇ ಹುಟ್ಟಿದ ತಮ್ಮ ತಂದೆ ಚಾಮರಾಜರ ಹೆಸರಿಟ್ಟು ಚಾಮರಾಜನಗರ ಮಾಡಿದರು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನೂ ಕಟ್ಟಿಸಿದರು. ರಾಜರ ಮಕ್ಕಳಿಗೇನು, ಕಲ್ಲಿದೆ, ಕಲ್ಲುಕುಟಿಗರಿದ್ದಾರೆ, ಬೊಕ್ಕಸವಿದೆ. ಓದುಗನಿಗೆ ಏನಿದೆ? ಮೆಚ್ಚಿದ ಲೇಖಕ ಹೋದ ಎಂದರೆ ಅವನು ಎಲ್ಲಿ ಹೋಗಿ ಅಳಬೇಕು? ಆ ಲೇಖಕ ನಗಿಸುತ್ತಿದ್ದವನಾದರಂತೂ ಅಳುವುದಕ್ಕೇ ಸಂಕೋಚ.

ಮಾರ್ಚ್ 13 ಬಂದಾಗಲೆಲ್ಲ ನನಗೆ ಈ ಪೇಚು. 1979ರಲ್ಲಿ ಆ ದಿನ ಜಿ.ಪಿ. ರಾಜರತ್ನಂ ತೀರಿಕೊಂಡರು. ಹೆಸರಿನ ಮುಂದಿನ ಎರಡು ಅಕ್ಷರಗಳು ಗುಂಡ್ಲು ಪಂಡಿತರ ವಂಶದವು. ಹುಟ್ಟಿದ್ದು ರಾಮನಗರದಲ್ಲಿ, ಬಾಳಿದ್ದು ಬಹುಪಾಲು ಬೆಂಗಳೂರಿನಲ್ಲಿ. ಆದರೂ ಗುಂಡ್ಲುಪೇಟೆಯವರು ಅವರನ್ನು ತಮ್ಮ ಊರಿನವರೆಂದು ಹೇಳಿಕೊಂಡರೆ ತಕರಾರು ಮಾಡುವಂತಿಲ್ಲ. ಹಾಗೆ ಹೇಳಿಕೊಳ್ಳುವವರು ಇನ್ನಷ್ಟು ಜನ ಇರಬೇಕಿತ್ತು ಎನ್ನುವುದೇ ನನ್ನ ತಕರಾರು.

ನಗೆಬರಹ ಓದುವ ಚಟದವರಿಗೆ ಆ ಐದಾರು ವರ್ಷ ಒಂದೇ ಸಮನೆ ಸೂತಕ. 1979ರಲ್ಲಿ ರಾಜರತ್ನಂ, 1980ರಲ್ಲಿ ತಿಂಮನನ್ನು ಹುಟ್ಟಿಸಿದ ಬೀಚಿ, 1984ರಲ್ಲಿ ‘ಕೊರವಂಜಿ’ಯ ರಾಶಿ. ಸಿನಿಮಾದವರನ್ನೂ ಸೇರಿಸಿದರೆ 1979ರಲ್ಲೇ ನರಸಿಂಹರಾಜು. ಈ ಪೈಕಿ ಬೀಚಿ ಮತ್ತು ರಾಶಿಯವರನ್ನು ಹಾಸ್ಯ ಲೇಖಕರೆಂದು ಎಲ್ಲರೂ ಅನುಮಾನವಿಲ್ಲದೆ ಒಪ್ಪುತ್ತಾರೆ. ರಾಜರತ್ನಂ ಹೆಸರು ಹೇಳಿದರೆ ಮಾತ್ರ ಕೆಲವರು ಹುಬ್ಬೇರಿಸುತ್ತಾರೆ. ಪಾಲಿ ಕಲಿತು ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದವರು, ಶಾಕ್ಯ ಸಾಹಿತ್ಯ ಮಂಟಪದ ಹೆಸರಿನಲ್ಲಿ ಪುಸ್ತಕ ಹೊರಡಿಸಿದವರು, ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡವರು, ಸೆಂಟ್ರಲ್ ಕಾಲೇಜಿನ ಮೇಷ್ಟ್ರು, 1978ರ ದೆಹಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಇಷ್ಟು ಗಂಭೀರ ಮನುಷ್ಯನನ್ನು ನಗೆಗಾರರ ಸಾಲಿಗೆ ಸೇರಿಸುವುದೇ? ಸೇರಿಸಲೇಬೇಕು. ಹೆಂಡ ಮುಟ್ಟದ ಅಯ್ಯಂಗಾರ್ ಮೇಷ್ಟ್ರು ಹೆಂಡಕುಡುಕ ರತ್ನನ ಬಾಯಿಂದ ಒಂದು ಪ್ರಪಂಚವನ್ನೇ ಆಡಿಸಿದ್ದು ಕನ್ನಡದ ಅತ್ಯಂತ ದೊಡ್ಡ ತಮಾಷೆಗಳಲ್ಲಿ ಒಂದು. ಅಷ್ಟು ಸಾಲದೆಂಬಂತೆ ಪುರುಷ ಸರಸ್ವತಿ ಎಂಬ ಮಹಾಕವಿಯನ್ನು ಕಲ್ಪಿಸಿ, ತಮ್ಮ ಕಾಲದ ಕವಿಗಳನ್ನು ಅವನ ಬಾಯಲ್ಲಿ ಅಣಕಿಸಿದರು.

ಸತ್ತ ಹಾಸ್ಯಗಾರನಿಗೆ ಅಭಿಮಾನಿಗಳು ಹೇಗೆ ಅಳುತ್ತಾರೆ ಎನ್ನುವುದಕ್ಕೆ ದೂರದ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ ತೀರಿಕೊಂಡದ್ದು 2015ರ ಮಾರ್ಚ್ 12ರಂದು. ಅವನ ಕಥೆಗಳ ಲೋಕ ನಾಲ್ಕು ಆನೆಗಳ ಮೇಲೆ, ಆ ಆನೆಗಳು ಒಂದು ದೊಡ್ಡ ಆಮೆಯ ಮೇಲೆ. ದಿಗ್ಗಜಗಳನ್ನೂ ಆದಿಕೂರ್ಮವನ್ನೂ ಅಜ್ಜಿಯಿಂದ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ. ಆ ಲೋಕದಲ್ಲಿ ಸಾವು ಕೂಡ ಒಂದು ಪಾತ್ರ. ಸ್ವಲ್ಪ ಪೆದ್ದ, ಬೆಕ್ಕುಗಳೆಂದರೆ ಪ್ರಾಣ, ಮಾತೆಲ್ಲ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ. ಲೇಖಕ ಹೋದ ದಿನ ಆ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದೂ ಅದೇ ಪಾತ್ರದ ಧಾಟಿಯಲ್ಲಿ. ಅಭಿಮಾನಿಗಳು ಇನ್ನೂ ಮುಂದೆ ಹೋದರು: ನಮ್ಮ ಲೇಖಕನನ್ನು ವಾಪಸು ಕೊಡು ಎಂದು ಸಾವಿಗೇ ಅರ್ಜಿ ಬರೆದು ಸಾವಿರಾರು ಜನ ಸಹಿ ಹಾಕಿದರು. ನಮ್ಮಲ್ಲಿ ಯಮನಿಗೆ ಅರ್ಜಿ ಹಾಕಿ ಗೆದ್ದವಳು ಸಾವಿತ್ರಿ ಒಬ್ಬಳೇ. ಆದರೆ ಅರ್ಜಿ ಹಾಕಿದವರ ಜಾಣತನ ನೋಡಿ. ಅವರು ಲೇಖಕನ ಭಾಷೆಯಲ್ಲೇ ಅತ್ತರು.

ನಾವು ರಾಜರತ್ನಂ ಅವರಿಗೆ ಹಾಗೆ ಅತ್ತೆವೇ? ನನ್ನ ಜಗಳ ಇರುವುದು ಇಲ್ಲೇ. ಪ್ರತಿ ನವೆಂಬರ್‌ನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ವೇದಿಕೆಗಳ ಮೇಲೆ ರತ್ನನ ಒಂದು ಪದ ತಪ್ಪದೆ ಮೊಳಗುತ್ತದೆ. ದೇವರು ಬಂದು ಹೆಂಡ ಬಿಡು ಎಂದರೂ ಬಿಡುತ್ತಾನೆ, ಹೆಂಡತಿಯನ್ನು ಬಿಡು ಎಂದರೂ ಬಿಡುತ್ತಾನೆ, ಕನ್ನಡ ಬಿಡು ಎಂದರೆ ಮಾತ್ರ ತಿರುಗಿ ಬೀಳುತ್ತಾನೆ. ನರಕಕ್ಕೆ ತಳ್ಳಿ ಬಾಯಿ ಹೊಲಿದರೆ ಮೂಗಿನಲ್ಲಾದರೂ ಕನ್ನಡ ಆಡುತ್ತೇನೆ ಎನ್ನುತ್ತಾನೆ. ಇದನ್ನು ಹಾಡುವವರು ಎದೆ ಸೆಟೆಸಿ, ಮುಷ್ಟಿ ಬಿಗಿದು, ಯುದ್ಧಕ್ಕೆ ಹೊರಟವರ ಹಾಗೆ ಹಾಡುತ್ತಾರೆ. ಸಭೆ ಎದ್ದು ನಿಲ್ಲುವುದೊಂದು ಬಾಕಿ. ಮೂಗಿನಲ್ಲಿ ಮಾತಾಡುತ್ತೇನೆ ಎನ್ನುವವನ ಮುಖ ನೋಡಿ ಒಬ್ಬನಾದರೂ ನಗಬೇಡವೇ? ಅಭಿಮಾನ ಸುಳ್ಳು ಎಂದಲ್ಲ. ಕುಡುಕನ ಬಡಾಯಿಯೊಳಗೆ ಇಟ್ಟದ್ದರಿಂದಲೇ ಅದು ನಿಜ ಎನಿಸುತ್ತದೆ. ಘೋಷಣೆ ಕೂಗುವವನನ್ನು ನಾವು ಅನುಮಾನಿಸುತ್ತೇವೆ. ಗಡಂಗಿನ ಬೆಂಚಿನ ಮೇಲೆ ಕೂತು ದೇವರ ಜೊತೆ ಚೌಕಾಶಿ ಮಾಡುವವನನ್ನು ಯಾರು ಅನುಮಾನಿಸುತ್ತಾರೆ? ಆ ಬಡಾಯಿಯನ್ನು ಕಿತ್ತುಹಾಕಿ ಪದವನ್ನು ಮಾತ್ರ ಉಳಿಸಿಕೊಂಡದ್ದೇ ನಾವು ಮಾಡಿದ ಶ್ರಾದ್ಧ. ರಾಜರತ್ನಂ ಹೋದದ್ದು ವಯಸ್ಸಾಗಿ, ರತ್ನನಿಗೆ ಮಾತ್ರ ನಾವು ಬಲವಂತವಾಗಿ ಕುಡಿತ ಬಿಡಿಸಿದೆವು.

ಇದಕ್ಕೆ ಉಲ್ಟಾ ಹೊಡೆಯುವವರೂ ಇದ್ದಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ತೂರಾಡಿ, ತೊದಲಿ, ಬಾಟಲಿ ಹಿಡಿದು ಕುಣಿಯುವವರು. ಗುಂಡ್ಲುಪೇಟೆಯ ನನ್ನ ಹಿರಿಯ ಮಿತ್ರರೊಬ್ಬರು, ನಿವೃತ್ತ ಮೇಷ್ಟ್ರು, ಇಂಥದ್ದೊಂದು ಕಾರ್ಯಕ್ರಮ ಮುಗಿಸಿಕೊಂಡು ಬರುವಾಗ ಹೇಳಿದರು: “ಅಲ್ಲ ಸ್ವಾಮಿ, ಕುಡ್ದೋನು ಯಾವತ್ತಾದ್ರೂ ತೂರಾಡ್ಬೇಕು ಅಂತ ತೂರಾಡ್ತಾನಾ? ನೆಟ್ಗೆ ನಿಂತ್ಕಬೇಕು ಅಂತ್ಲೇ ಅಲ್ವಾ ಅವನು ಒದ್ದಾಡೋದು?” ರತ್ನನ ಪದಗಳನ್ನು ಓದುವ ಬಗೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ಆ ಪದಗಳ ಲಯ ನೋಡಿ, ಎಲ್ಲೂ ಮಾತ್ರೆ ಹೆಚ್ಚುಕಮ್ಮಿ ಇಲ್ಲ. ಕಾಲು ಜಾರುತ್ತಿರುವವನ ನಾಲಿಗೆ ಒಮ್ಮೆಯೂ ಜಾರುವುದಿಲ್ಲ. ನಗೆ ಹುಟ್ಟುವುದು ಅಲ್ಲಿ. ತೊದಲಿಬಿಟ್ಟರೆ ಛಂದಸ್ಸೂ ಹೋಯಿತು, ತಮಾಷೆಯೂ ಹೋಯಿತು.

ಮೈಸೂರು ಅನಂತಸ್ವಾಮಿಯವರಿಗೆ ಈ ಗುಟ್ಟು ಗೊತ್ತಿತ್ತು. ದನಿಯನ್ನು ಸ್ವಲ್ಪ ಸಡಿಲ ಬಿಟ್ಟು, ತಾಳವನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಕೇಳುವವನಿಗೆ ರತ್ನ ಎದುರಿಗೇ ಕೂತಿದ್ದಾನೆ ಎನಿಸುತ್ತಿತ್ತು. ಪುಸ್ತಕದಲ್ಲಿದ್ದವನನ್ನು ಪುಸ್ತಕ ಮುಟ್ಟದವರ ಮನೆಗೂ ಕರೆತಂದವರು ಅವರು. 1995ರಲ್ಲಿ ಅವರು ಹೋದರು. ಮಗ ರಾಜು ಅನಂತಸ್ವಾಮಿ ಅದೇ ಪದಗಳನ್ನು ಇನ್ನೊಂದು ಹುರುಪಿನಲ್ಲಿ ಹಾಡಿದರು. ಅವರೂ 2009ರಲ್ಲಿ, ಹೋಗಬಾರದ ವಯಸ್ಸಿನಲ್ಲಿ ಹೋದರು. ರತ್ನನ ಅಭಿಮಾನಿಗಳಿಗೆ ಹೀಗೆ ಮೂರು ಸಲ ಸೂತಕ ಬಂದಿದೆ.

ನಮ್ಮ ಜಿಲ್ಲೆಗೆ ದುಃಖಪಡುವುದು ಗೊತ್ತಿಲ್ಲವೆಂದಲ್ಲ. ಗಡಿಯಾಚೆಗೆ ಕೂಗಳತೆಯಲ್ಲಿರುವ ಗಾಜನೂರಿನ ಮಗ, ವರನಟರು, 2006ರಲ್ಲಿ ಹೋದಾಗ, 2021ರಲ್ಲಿ ಅವರ ಕಿರಿಯ ಮಗ ಹೋದಾಗ, ನಮ್ಮ ಊರುಗಳು ಹೇಗಿದ್ದವು ಎಂದು ಕಂಡವರೆಲ್ಲ ಬಲ್ಲರು. ನಟನ ಮುಖ ನಮ್ಮೆದುರಿಗಿರುತ್ತದೆ, ಅದಕ್ಕೆ ಹಾರ ಹಾಕಬಹುದು. ಲೇಖಕನದು ಬರಿಯ ದನಿ. 1979ರಲ್ಲಿ ಈ ಕಡೆ ಟಿವಿ ಕೂಡ ಇರಲಿಲ್ಲ. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರೇಡಿಯೊ ಹೇಳಬೇಕು, ಇಲ್ಲವೇ ಮರುದಿನದ ಪತ್ರಿಕೆ ಹೇಳಬೇಕು.

ಆದರೆ ದನಿಯನ್ನು ಕಾಪಾಡುವುದರಲ್ಲಿ ಈ ಸೀಮೆಯವರನ್ನು ಮೀರಿಸಿದವರಿಲ್ಲ. ಮಂಟೇಸ್ವಾಮಿ ಕಾವ್ಯವನ್ನು ಇಡೀ ರಾತ್ರಿ ಹಾಡುವ ನೀಲಗಾರರು ಯಾವ ಪುಸ್ತಕವನ್ನೂ ತಿರುವಿಹಾಕುವುದಿಲ್ಲ. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವುದು ಹೇಗೆ? ನೋಡಿದವರು ಮೂಗು ಮುಚ್ಚಿಕೊಳ್ಳುವಂಥ ವೇಷದಲ್ಲಿ, ಹೆಂಡದ ಸಮೇತ. ಒಳಗಿರುವ ಶುದ್ಧಾಚಾರಿಗಳಿಗೆ ಕಸಿವಿಸಿ, ಕೇಳುತ್ತ ಕೂತವರಿಗೆ ನಗು. ಹಾಗೆ ನಗುತ್ತಲೇ ಕೈ ಮುಗಿಯುತ್ತಾರೆ. ಈ ಕಾವ್ಯ ಮೊಳಗುವ ಚಿಕ್ಕಲ್ಲೂರು ಜಾತ್ರೆಗೆ ಹೋಗಿಬಂದ ಕಿವಿಗೆ ಹೆಂಡ ಮುಟ್ಟಿದ ಕೈಯಿಂದಲೇ ಬ್ರಹ್ಮನಿಗೆ ನಮಸ್ಕಾರ ಹಾಕುವ ರತ್ನ ಅಪರಿಚಿತನೇ ಅಲ್ಲ. ರಾಜರತ್ನಂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎಂದು ನಾನು ವಾದಿಸುತ್ತಿಲ್ಲ. ಬೆಂಗಳೂರಿನ ಸಭಾಂಗಣದಲ್ಲಿ ವಿಚಿತ್ರವಾಗಿ ಕೇಳುವ ಮಾತು ನಮ್ಮಲ್ಲಿ ಮನೆಮಾತಿನ ಹಾಗೆ ಕೇಳುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ರತ್ನ ಮನೆಯನ್ನು ಹಟ್ಟಿ ಎಂದರೆ ನಮ್ಮವರು ಅಡಿಟಿಪ್ಪಣಿ ಹುಡುಕುವುದಿಲ್ಲ. ಸಂಜೆ ಅವರೂ ಹೋಗುವುದು ಹಟ್ಟಿಗೇ.

ಆ ಹಟ್ಟಿಯ ಪದವೇ ರಾಜರತ್ನಂ ಬರೆದ ಪದಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲು. ಹೆಂಡತಿ ನಂಜಿ ಈಗಿಲ್ಲ, ಅವಳಿದ್ದಾಗ ಹಟ್ಟಿಗೆ ಇದ್ದ ಬೆಳಕನ್ನು ರತ್ನ ನೆನೆಯುತ್ತಾನೆ. ನಗಿಸುವ ಮನುಷ್ಯ ಸುಮ್ಮನೆ ಒಂದು ಗಳಿಗೆ ನಗಿಸುವುದನ್ನು ನಿಲ್ಲಿಸುತ್ತಾನೆ, ಕಣ್ಣೀರಿಗೂ ಕೈ ಹಾಕುವುದಿಲ್ಲ. ಶೋಕಗೀತೆ ಎಂದು ಹಣೆಪಟ್ಟಿ ಹಚ್ಚಿಕೊಂಡು ಬರುವ ಎಷ್ಟೋ ಪದ್ಯಗಳು ಇದರ ಮುಂದೆ ಬಾಯಿಬಡಿದುಕೊಳ್ಳುತ್ತಿವೆ ಎನಿಸುತ್ತದೆ. ಮಡಿಕೇರಿಯ ಮಂಜಿನ ಪದವೂ ಇದೇ ಜಾತಿಯದು. ಅಲ್ಲಿ ಹೆಂಡ ಹೆಸರಿಗಷ್ಟೇ, ಅಮಲೆಲ್ಲ ಕಣ್ಣಿನದು.

ಇನ್ನು ‘ತುತ್ತೂರಿ’. ಕನ್ನಡ ಶಾಲೆಗೆ ಹೋದವರೆಲ್ಲ ಬಾಯಿಪಾಠ ಮಾಡಿದ ಈ ಪದ್ಯವೂ ಒಂದು ಚರಮಗೀತೆಯೇ ಅಲ್ಲವೇ? ಹುಡುಗ ತುತ್ತೂರಿ ಕೊಂಡ, ಊದಿದ, ಜಂಬಪಟ್ಟ, ಅದು ನೀರಿಗೆ ಬಿತ್ತು, ದನಿ ಕಟ್ಟಿತು, ಬಣ್ಣ ಹೋಯಿತು. ಸತ್ತದ್ದು ತುತ್ತೂರಿ, ಗೋಳು ಹುಡುಗನದು, ನಗು ತರಗತಿಯದು. ಆರು ವರ್ಷದ ಮಕ್ಕಳಿಗೆ ಮೇಷ್ಟ್ರು ಕಲಿಸಿಹೋದ ಮೊದಲ ಸಾವಿನ ಪಾಠ ಇದು.

ಆದ್ದರಿಂದ ನನ್ನ ಸಲಹೆ ಇಷ್ಟು. ಮುಂದಿನ ಮಾರ್ಚ್ 13ಕ್ಕೆ ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಯಾರಾದರೂ ಸಭೆ ಸೇರಿಸುವುದಾದರೆ ಮೌನಾಚರಣೆ ಬೇಡ. ಆ ಎರಡು ನಿಮಿಷವನ್ನು ಪುರುಷ ಸರಸ್ವತಿಗೆ ಕೊಡಿ. ಮೈಕು ಬೇಡ, ಪಕ್ಕವಾದ್ಯ ಬೇಡ. ಹಟ್ಟಿಯ ಮಾತು ಮರೆಯದ ಒಬ್ಬರನ್ನು ಹುಡುಕಿ ರತ್ನನ ಪದಗಳನ್ನು ಓದಿಸಿ, ಹಾಡಿಸಲೇಬೇಕೆಂದಿಲ್ಲ. ಮೊದಲು ಬ್ರಹ್ಮನ ಪದ, ನಡುವೆ ಮಡಿಕೇರಿ, ಆಮೇಲೆ ನಂಜಿ. ‘ತುತ್ತೂರಿ’ಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಕನ್ನಡದ ಪದವನ್ನು ಕುಳಿತುಕೊಂಡೇ ಓದಲಿ, ಮುಷ್ಟಿ ಬಿಗಿಯುವವರಿಗೆ ಆ ದಿನ ಬೇರೆ ಕೆಲಸ ಹಚ್ಚಿ. ಅಧ್ಯಕ್ಷರ ಭಾಷಣ ಕಟ್ಟಕಡೆಗಿರಲಿ. ಅಷ್ಟು ಹೊತ್ತಿಗೆ ಹಂಗಳ, ತೆರಕಣಾಂಬಿ ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಜನ ಎದ್ದುಹೋಗಿರುತ್ತಾರೆ, ಅಧ್ಯಕ್ಷರಿಗೂ ಬೇಗ ಬಿಡುಗಡೆ.