ಗಾಜಿನ ಶಿಲ್ಪದಲ್ಲಿ ಬೆಳಕಿನ ಧ್ವನಿ

ಕಲ್ಲು, ಮರ, ಲೋಹ ಇವು ಶಿಲ್ಪಿಯ ಪ್ರಾಚೀನ ದ್ರವ್ಯಗಳು. ಇವುಗಳ ಮೇಲೆ ಬಿದ್ದ ಬೆಳಕು ಮೇಲ್ಮೈಯಲ್ಲಿಯೇ ನಿಂತು ನೆಳಲನ್ನು ಬೀರುತ್ತದೆ. ಆ ನೆಳಲು-ಬೆಳಕುಗಳಿಂದಲೇ ನಾವು ಆಕಾರವನ್ನು ಅರಿಯುತ್ತೇವೆ. ಗಾಜಿನ ಸ್ವಭಾವ ಬೇರೆ. ಬೆಳಕು ಅದರ ಒಳಹೊಕ್ಕು, ಅಲ್ಲಿ ತಂಗಿ, ಬಣ್ಣವನ್ನು ಪಡೆದು ಹೊರಬರುತ್ತದೆ. ಆದುದರಿಂದ ಗಾಜಿನ ಶಿಲ್ಪಿಯು ಹೊರಗಿನ ಆಕಾರದೊಡನೆ ಒಳಗಿನ ಅವಕಾಶವನ್ನೂ ರೂಪಿಸಬೇಕಾಗುತ್ತದೆ. ಈ ಹೊಣೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಪೂರ್ಣವಾಗಿ ಅರಿತು ನಿರ್ವಹಿಸಿದವರಲ್ಲಿ ಚೆಕ್ ಕಲಾವಿದ ದಂಪತಿಗಳಾದ ಸ್ಟಾನಿಸ್ಲಾವ್ ಲಿಬೆನ್ಸ್ಕೀ (1921–2002) ಮತ್ತು ಯಾರೋಸ್ಲಾವಾ ಬ್ರಿಖ್ತೋವಾ (1924–2020) ಅಗ್ರಗಣ್ಯರು. ಅವರ ಸೃಷ್ಟಿಕ್ರಮವನ್ನೂ ಸ್ಫೂರ್ತಿಯ ಮೂಲಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಯ ಹಿಂದೆ ಎರಡು ಪ್ರಶ್ನೆಗಳಿವೆ. ಗಾಜು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಳೆ, ಬಟ್ಟಲು, ದೀಪದ ಚಿಮಣಿ. ಇವು ಅಂದವಾದ ವಸ್ತುಗಳೇ. ಆದರೆ ಕಾವ್ಯವು ಅರ್ಥವನ್ನು ಹೊರುವಂತೆ ಗಾಜು ಅರ್ಥವನ್ನು ಹೊರಬಲ್ಲುದೆ? ಇದು ಮೊದಲನೆಯ ಪ್ರಶ್ನೆ. ಒಂದೇ ಕೃತಿಯನ್ನು ಇಬ್ಬರು ರಚಿಸಿದಾಗ ಅಲ್ಲಿ ಕೆಲಸ ಮಾಡಿದ ಪ್ರತಿಭೆ ಯಾರದು? ಇದು ಎರಡನೆಯದು.

ಬ್ರಿಖ್ತೋವಾ ಹುಟ್ಟಿದ ಊರು ಬೊಹೀಮಿಯದ ಜೆಲೆಜ್ನೀ ಬ್ರೋದ್. ಅಲ್ಲಿ 1920ರಲ್ಲಿ ಆರಂಭವಾದ ಗಾಜಿನ ಶಾಲೆಯ ಸ್ಥಾಪಕರಲ್ಲಿ ಆಕೆಯ ತಂದೆ ಯಾರೋಸ್ಲಾವ್ ಬ್ರಿಖ್ತಾ ಒಬ್ಬರು. ಗಾಜನ್ನು ಅಚ್ಚಿನಲ್ಲಿಯೇ ಕರಗಿಸಿ ಶಿಲ್ಪವಾಗಿಸುವ ಪ್ರಯೋಗಗಳನ್ನು ಮಗಳು ತಂದೆಯೊಡನೆ 1940ರ ದಶಕದಲ್ಲಿಯೇ ತೊಡಗಿದ್ದಳು. ಚಿತ್ರಕಾರನಾದ ಲಿಬೆನ್ಸ್ಕೀ 1954ರಲ್ಲಿ ಅದೇ ಶಾಲೆಯ ಮುಖ್ಯಸ್ಥನಾಗಿ ಬಂದನು. ಆತನು ಬರೆದ, ತಲೆಯ ಆಕಾರದ ಬಟ್ಟಲೊಂದರ ಚಿತ್ರವು ಬ್ರಿಖ್ತೋವಾಳ ಮನಸ್ಸನ್ನು ಸೆಳೆಯಿತು. ಆಕೆ ಅದನ್ನು ಗಾಜಿನಲ್ಲಿ ಮೂಡಿಸಿದಳು. ಹೊರಗಿನಿಂದ ಪಾತ್ರೆಯಾಗಿದ್ದರೂ ಅದರ ಟೊಳ್ಳಿನಲ್ಲಿ ಮುಖವೊಂದು ಅಡಗಿದೆ. ಅವರ ಸಹಯೋಗದ ಈ ಮೊದಲ ಫಲದಲ್ಲಿಯೇ ಮುಂದಿನ ಸಾಧನೆಯೆಲ್ಲ ಬೀಜರೂಪದಲ್ಲಿದೆಯೆಂದು ಹೇಳಬಹುದು. ಬಟ್ಟಲು ಶಿಲ್ಪವಾದ ಗಳಿಗೆ ಅದು. ಅವರಿಬ್ಬರ ವಿವಾಹ ನಡೆದುದು 1963ರಲ್ಲಿ.

ಇವರ ರಚನಾಕ್ರಮ ಹೀಗಿದೆ. ಲಿಬೆನ್ಸ್ಕೀ ಇದ್ದಿಲಿನಲ್ಲಿ ಅಥವಾ ವರ್ಣಗಳಲ್ಲಿ ಚಿತ್ರವನ್ನು ಬರೆಯುತ್ತಾನೆ. ಬ್ರಿಖ್ತೋವಾ ಅದನ್ನು ಜೇಡಿಮಣ್ಣಿನಲ್ಲಿ ರೂಪಿಸುತ್ತಾಳೆ. ಮಣ್ಣಿನ ಮಾದರಿಯಿಂದ ಪ್ಲಾಸ್ಟರಿನ ಪ್ರತಿಕೃತಿ, ಅದರಿಂದ ಬೆಂಕಿಯನ್ನು ತಾಳುವ ಅಚ್ಚು ಸಿದ್ಧವಾಗುತ್ತವೆ. ಅಚ್ಚಿನಲ್ಲಿ ಗಾಜಿನ ತುಂಡುಗಳನ್ನು ತುಂಬಿ ಕುಲುಮೆಯಲ್ಲಿಟ್ಟರೆ ಅವು ಮೆತ್ತಗಾಗಿ, ಕರಗಿ, ಅಚ್ಚಿನ ಮೂಲೆಮೂಲೆಗಳನ್ನು ತುಂಬಿಕೊಳ್ಳುತ್ತವೆ. ಕರಗಿಸುವುದಕ್ಕಿಂತ ತಣಿಸುವುದು ಕಠಿನ. ಹೊರಭಾಗ ಬೇಗ ತಣಿದು ಒಳಭಾಗ ಬಿಸಿಯಾಗಿಯೇ ಉಳಿದರೆ ಒಳಗಿನ ಸೆಳೆತದಿಂದ ಗಾಜು ಸೀಳಿಹೋಗುತ್ತದೆ. ಆದುದರಿಂದ ದೊಡ್ಡ ಕೃತಿಗಳನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ತಣಿಸಬೇಕಾಗುತ್ತದೆ. ಕೊನೆಗೆ ಅಚ್ಚನ್ನು ಒಡೆದು, ಗಾಜನ್ನು ಉಜ್ಜಿ ನಯಗೊಳಿಸುತ್ತಾರೆ.

ಇಲ್ಲಿ ವಿಚಾರವಂತರು ಗಮನಿಸಬೇಕಾದ ಅಂಶವೊಂದಿದೆ. ಅಚ್ಚಿನೊಳಗೆ ಹಾಕುವ ಗಾಜು ಸಾಮಾನ್ಯವಾಗಿ ಒಂದೇ ಬಣ್ಣದ್ದು. ಆದರೂ ಕೃತಿಯಲ್ಲಿ ಹಲವು ಛಾಯೆಗಳು ಕಾಣುತ್ತವೆ. ಗಾಜು ದಪ್ಪವಾದೆಡೆ ಬಣ್ಣ ಗಾಢವಾಗುತ್ತದೆ, ತೆಳುವಾದೆಡೆ ತಿಳಿಯಾಗುತ್ತದೆ. 1993ರ ‘ಕೆಂಪು ಪಿರಮಿಡ್ಡಿ’ನಲ್ಲಿ ಕೆಂಪು ಒಂದೆಡೆ ಕತ್ತಲೆಯ ಅಂಚನ್ನು ಮುಟ್ಟಿ, ಇನ್ನೊಂದೆಡೆ ಕೆಂಡದಂತೆ ಬೆಳಗುವುದಕ್ಕೆ ಕಾರಣ ಇದೇ. ಅಂದರೆ ಇಲ್ಲಿ ಆಕಾರವೇ ವರ್ಣಕಾರ. ಮಣ್ಣನ್ನು ಎಷ್ಟು ಆಳಕ್ಕೆ ತೋಡಬೇಕೆಂದು ನಿರ್ಧರಿಸುವ ಬೆರಳುಗಳು ಬಣ್ಣವನ್ನೂ ನಿರ್ಧರಿಸುತ್ತವೆ. ಮಣ್ಣಾದರೋ ಬೆಳಕನ್ನು ಬಿಡುವ ವಸ್ತುವಲ್ಲ. ಬೆಳಕಿಲ್ಲದ ಮಣ್ಣಿನಲ್ಲಿ ಕೈಯಿಟ್ಟು, ಮುಂದೆ ಗಾಜಿನಲ್ಲಿ ಹರಿಯಬೇಕಾದ ಬೆಳಕನ್ನು ಮನಸ್ಸಿನಲ್ಲಿಯೇ ಕಾಣಬೇಕು. ನಮ್ಮ ಆಲಂಕಾರಿಕರು ಪ್ರತಿಭೆಯೆಂದು ಕರೆದುದು ಇಂತಹ ಪೂರ್ವದರ್ಶನವನ್ನೇ ಅಲ್ಲವೆ? ಹೀಗಿರುವಾಗ ಲಿಬೆನ್ಸ್ಕೀಯನ್ನು ಕವಿಯೆಂದೂ ಬ್ರಿಖ್ತೋವಾಳನ್ನು ಲಿಪಿಕಾರಳೆಂದೂ ಬಗೆಯುವುದು ಅನುಚಿತ. ಚಿತ್ರವು ಒಂದು ದಿಕ್ಕಿನ ನೋಟವನ್ನು ಮಾತ್ರ ಕೊಡುತ್ತದೆ. ಅದಕ್ಕೆ ಆಳವನ್ನು ಕೊಟ್ಟವಳು ಬ್ರಿಖ್ತೋವಾ. ಆ ಆಳದಲ್ಲಿಯೇ ಕೃತಿಯ ಅರ್ಥ ನೆಲಸಿದೆ.

ಸ್ಫೂರ್ತಿಯ ಮೂಲಗಳನ್ನು ನೋಡೋಣ. 1958ರ ಬ್ರಸೆಲ್ಸ್ ವಿಶ್ವಪ್ರದರ್ಶನದಲ್ಲಿ ಇವರಿಗೆ ‘ಗ್ರ್ಯಾಂಡ್ ಪ್ರಿ’ ಪ್ರಶಸ್ತಿ ದೊರೆಯಿತು. ಅಲ್ಲಿದ್ದ ‘ಪ್ರಾಣಿರೂಪದ ಶಿಲೆಗಳು’ ಎಂಬ ಕೃತಿಗೆ ಲಾಸ್ಕೋ ಮತ್ತು ಆಲ್ತಮೀರಾ ಗುಹೆಗಳ ಆದಿಮಾನವನ ಚಿತ್ರಗಳು ಪ್ರೇರಣೆ. ಕಾಂಕ್ರೀಟು ಗೋಡೆಯಲ್ಲಿ ಕೂರಿಸಿದ ಗಾಜಿನ ಗಟ್ಟಿಗಳೊಳಗೆ ಪ್ರಾಣಿಗಳ ಆಕೃತಿಗಳು ಕಾಣಿಸಿಕೊಳ್ಳುತ್ತವೆ. ಗುಹೆಯ ಚಿತ್ರ ಬಂಡೆಯ ಮೇಲಿದ್ದರೆ ಇಲ್ಲಿಯ ಪ್ರಾಣಿ ಬಂಡೆಯ ಒಳಗಿದೆ. ಇದು ಅನುಕರಣವಲ್ಲ, ಪುನಸ್ಸೃಷ್ಟಿ. ಪ್ರಾಗ್ ನಗರದ ಸಂತ ವೀಟಸ್ ದೇವಾಲಯದ ವೆನ್ಸೆಸ್ಲಾಸ್ ಗುಡಿಗೆ 1960ರ ದಶಕದಲ್ಲಿ ಇವರು ರಚಿಸಿದ ಕಿಟಕಿಗಳು ಇನ್ನೊಂದು ನಿದರ್ಶನ. ಆ ಗುಡಿಯ ಗೋಡೆಗಳಲ್ಲಿ ಹದಿನಾಲ್ಕನೆಯ ಶತಮಾನದ ರತ್ನಶಿಲೆಗಳ ಕೆತ್ತಿಗೆಯಿದೆ, ಹಳೆಯ ಭಿತ್ತಿಚಿತ್ರಗಳಿವೆ. ಅವುಗಳೊಡನೆ ಸ್ಪರ್ಧಿಸದೆ, ಸೌಮ್ಯವಾದ ವರ್ಣಗಳಿಂದ ಬೆಳಕನ್ನು ಶಾಂತಗೊಳಿಸಿ ಒಳಗೆ ಬಿಟ್ಟಿರುವುದು ಔಚಿತ್ಯಜ್ಞಾನದ ಫಲ.

ಗಾಜು ಅರ್ಥವನ್ನು ಹೊರಬಲ್ಲುದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟುದು ಚರಿತ್ರೆಯೇ. ಅಂದಿನ ಚೆಕೊಸ್ಲೊವಾಕಿಯದ ಪ್ರಭುತ್ವವು ಚಿತ್ರಕಾರರ ಮೇಲೆ, ಶಿಲ್ಪಿಗಳ ಮೇಲೆ ಕಟ್ಟುನಿಟ್ಟಿನ ಕಣ್ಣಿಟ್ಟಿತ್ತು. ಗಾಜು ಕೇವಲ ಕೈಕಸಬೆಂಬ ಭಾವನೆಯಿಂದ ಅಲ್ಲಿ ಮಾತ್ರ ಅಮೂರ್ತ ರೂಪಗಳಿಗೆ ಸಾಕಷ್ಟು ಅವಕಾಶವಿತ್ತು. ಅನಾದರವೇ ಆಶ್ರಯವಾಯಿತು. 1968ರಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಆ ದೇಶವನ್ನು ಆಕ್ರಮಿಸಿದವು. 1970ರ ಒಸಾಕಾ ವಿಶ್ವಪ್ರದರ್ಶನಕ್ಕಾಗಿ ಇವರು ನಿರ್ಮಿಸಿದ ಸುಮಾರು 22 ಮೀಟರು ಉದ್ದದ ‘ಜೀವನದಿ’ಯ ಹಿಮದಂತಹ ಭಾಗದಲ್ಲಿ ಸೈನಿಕರ ಬೂಟುಗಳ ಗುರುತುಗಳಿದ್ದವು. ಅಧಿಕಾರಿಗಳು ಅವುಗಳನ್ನು ಅಳಿಸಹಾಕಿಸಿದರು. ಅರ್ಥವಿಲ್ಲದ ಅಲಂಕಾರಕ್ಕೆ ಯಾವ ಪ್ರಭುತ್ವವೂ ಅಂಜುವುದಿಲ್ಲ. ಆದರೆ ವಿಮರ್ಶಕನು ಇಲ್ಲಿ ಒಂದು ವಿವೇಚನೆಯನ್ನು ಮಾಡಬೇಕು. ಬೂಟಿನ ಗುರುತು ವಾಚ್ಯ. ಅದನ್ನು ಉಜ್ಜಿ ತೆಗೆಯಬಹುದು. ಹರಿವು ಹಿಮಗಟ್ಟಿದ ಸ್ಥಿತಿಯು ಗಾಜಿನ ಒಡಲಿನಲ್ಲಿಯೇ ಸೇರಿಹೋಗಿದೆ, ಅದು ಧ್ವನಿ. ವಾಚ್ಯ-ವ್ಯಂಗ್ಯಗಳ ಸಂಬಂಧವನ್ನು ವಿವರಿಸಲು ಆನಂದವರ್ಧನನು ದೀಪ ಮತ್ತು ಬೆಳಕಿನ ದೃಷ್ಟಾಂತವನ್ನು ಆರಿಸಿಕೊಂಡುದು ಇಲ್ಲಿ ನೆನಪಾಗದಿರದು.

ಇವರ ಕೃತಿಗಳೆಲ್ಲ ಒಂದೇ ಎತ್ತರದವೆಂದು ಹೇಳಲಾಗದು. ಘನ, ಗೋಲ, ತ್ರಿಕೋನಗಳನ್ನೇ ನೆಚ್ಚಿದ ಕೆಲವು ಬೃಹತ್ ರಚನೆಗಳಲ್ಲಿ ಗಣಿತದ ನಿಷ್ಕೃಷ್ಟತೆ ಭಾವವನ್ನು ಹಿಂದಿಕ್ಕುತ್ತದೆ. ಬುದ್ಧಿ ಮೆಚ್ಚುತ್ತದೆ, ಹೃದಯ ದೂರ ನಿಲ್ಲುತ್ತದೆ. ತಲೆ, ಕಣ್ಣು, ಮುತ್ತು, ಉಡುಪು ಮೊದಲಾದ ಮಾನುಷ ಸಂಕೇತಗಳು ಆಕಾರದೊಡನೆ ಬೆರೆತಾಗ ಮಾತ್ರ ಇವರ ಕಲೆ ಪೂರ್ಣತೆಯನ್ನು ಪಡೆಯುತ್ತದೆ. ಕೊನೆಯ ವರ್ಷಗಳಲ್ಲಿ ಇವರು ಉಜ್ಜ್ವಲ ವರ್ಣಗಳನ್ನು ಬಿಟ್ಟು ಬೂದು, ಹೆಚ್ಚುಕಡಿಮೆ ಕಪ್ಪು ಗಾಜಿನತ್ತ ತಿರುಗಿದರು. ಬೆಳಕಿಗಾಗಿ ಬಾಳನ್ನೆಲ್ಲ ಸವೆಸಿದವರು ಬೆಳಕು ಕಷ್ಟದಿಂದ ನುಸುಳುವ ದ್ರವ್ಯವನ್ನು ಆರಿಸಿದುದು ವೈರಾಗ್ಯದ ಲಕ್ಷಣವೆಂದು ಕೆಲವರಿಗೆ ತೋರಬಹುದು. ನಮಗೆ ಅದು ಪರಿಪಾಕವಾಗಿ ಕಾಣುತ್ತದೆ. ಆ ಕಪ್ಪಿನ ತೆಳುವಾದ ಅಂಚಿನಲ್ಲಿ ಹಣಿಕುವ ಎಳೆಬೆಳಕು ಹಿಂದಿನ ಎಷ್ಟೋ ವರ್ಣವೈಭವಕ್ಕಿಂತ ಗಾಢವಾದ ಅನುಭವವನ್ನು ಕೊಡುತ್ತದೆ.

ಲಿಬೆನ್ಸ್ಕೀ 1963ರಿಂದ 1987ರವರೆಗೆ ಪ್ರಾಗ್‌ನಲ್ಲಿ ಪ್ರಾಧ್ಯಾಪಕನಾಗಿ ಒಂದು ಪೀಳಿಗೆಯನ್ನೇ ತಿದ್ದಿದನು. ಸಾಹಿತ್ಯದ ವಿದ್ಯಾರ್ಥಿಗಳಿಗೂ ಈ ದಂಪತಿಗಳ ಸಾಧನೆಯಲ್ಲಿ ಪಾಠವಿದೆ. ಕೃತಿಯ ಕಾಂತಿ ಮೇಲೆ ಬಳಿದ ಬಣ್ಣದಿಂದ ಬರುವುದಿಲ್ಲ. ಒಳಗಣ ಆಳ ಎಷ್ಟಿದೆಯೋ ಕಾಂತಿಯೂ ಅಷ್ಟೇ. ಮಾತಿನ ಕಲೆಗೂ ಈ ಅಳತೆ ಸಲ್ಲುತ್ತದೆ.