ಮಾಲೀಕ ಒಬ್ಬನೇ, ಆದರೂ ಬಾಗಿಲು ತೆರೆಯದು

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಓನರ್‌ಶಿಪ್ ಚೈನಿಂಗ್ ಎಂಬ ಸೌಕರ್ಯವಿದೆ. ಸ್ಟೋರ್ಡ್ ಪ್ರೊಸೀಜರ್‌ಗೂ ಅದು ಮುಟ್ಟುವ ಟೇಬಲ್‌ಗೂ ಮಾಲೀಕ ಒಬ್ಬನೇ ಆಗಿದ್ದರೆ, ಪ್ರೊಸೀಜರ್ ನಡೆಸುವವನಿಗೆ ಟೇಬಲ್ ಮೇಲೆ ಬೇರೆ ಪರ್ಮಿಷನ್ ಇದೆಯೇ ಎಂದು ಸರ್ವರ್ ನೋಡುವುದೇ ಇಲ್ಲ. ಸಂಬಳದ ಟೇಬಲ್ಲನ್ನು ನೇರವಾಗಿ ತೆರೆಯಲಾಗದ ಗುಮಾಸ್ತ ತನಗೆ ಬೇಕಾದ ವರದಿಯನ್ನಷ್ಟೇ ಪಡೆಯಬಲ್ಲ. ಡೈನಾಮಿಕ್ ಎಸ್‌ಕ್ಯೂಎಲ್ ಬಂದಲ್ಲಿ ಈ ಸರಪಳಿ ಕಡಿಯುತ್ತದೆ ಎನ್ನುವುದನ್ನು ಬಿಟ್ಟರೆ, ಒಂದೇ ಡೇಟಾಬೇಸ್‌ನೊಳಗೆ ಇದು ಸೊಗಸಾದ ವಿನ್ಯಾಸ.

ನನ್ನ ತಕರಾರು, ಇದನ್ನೇ ಎರಡು ಡೇಟಾಬೇಸ್‌ಗಳ ನಡುವೆ ಎಳೆದದ್ದಕ್ಕೆ. ಎರಡೂ ಕಡೆ ಮಾಲೀಕನ ಹೆಸರು ಡಿಬಿಒ ಎಂದೇ ಕಾಣುತ್ತದೆ. ಆದರೆ ಸರ್ವರ್ ಹೋಲಿಸುವುದು ಹೆಸರನ್ನಲ್ಲ, ಆ ಹೆಸರಿನ ಹಿಂದಿರುವ ಲಾಗಿನ್‌ನ ಗುರುತಿನ ಸಂಖ್ಯೆಯಾದ ಎಸ್‌ಐಡಿಯನ್ನು. ಆ ಲಾಗಿನ್ ಯಾವುದು? ಬಹಳ ಸಲ, ಡೇಟಾಬೇಸನ್ನು ಆ ಸರ್ವರ್‌ನಲ್ಲಿ ಸೃಷ್ಟಿಸಿದವನದೋ ರಿಸ್ಟೋರ್ ಮಾಡಿದವನದೋ. ಯಾರ ಡ್ಯೂಟಿಯಲ್ಲಿ ಆ ಕೆಲಸ ನಡೆಯಿತು ಎಂಬ ಆಕಸ್ಮಿಕದ ಮೇಲೆ ಭದ್ರತೆ ನಿಂತಿದೆ ಎಂದಾಯಿತು. ಒಂದಕ್ಕೆ ಸರ್ವರ್‌ನ ಪರಮಾಧಿಕಾರದ ಲಾಗಿನ್ ಎಸ್‌ಎ ಮಾಲೀಕ, ಇನ್ನೊಂದಕ್ಕೆ ಯಾರದೋ ವಿಂಡೋಸ್ ಖಾತೆ. ಕೋಡ್‌ನಲ್ಲಿ ಒಂದಕ್ಷರ ಬದಲಾಗದೆಯೂ ನಿನ್ನೆ ಓಡಿದ ವರದಿ ಇವತ್ತು ನಿಲ್ಲುತ್ತದೆ.

ನಿಂತಾಗ ಸರ್ವರ್ ಹೇಳುವುದೇನು? 229ನೇ ಎರರ್ ಟೇಬಲ್ ಮೇಲೆ ಸೆಲೆಕ್ಟ್ ಅನುಮತಿಯಿಲ್ಲ ಎನ್ನುತ್ತದೆ. 916, ಈ ಲಾಗಿನ್ ಆ ಡೇಟಾಬೇಸ್ ಪ್ರವೇಶಿಸಲಾಗದು ಎನ್ನುತ್ತದೆ. ಎರಡೂ ಸುಳ್ಳಲ್ಲ. ಆದರೆ ಮಾಲೀಕರು ಬೇರೆಯಾಗಿದ್ದಾರೆ, ಚೈನಿಂಗ್ ಆಫ್ ಆಗಿದೆ ಎಂಬ ಮಾತು ಎಲ್ಲೂ ಇಲ್ಲ. ಅವಸರದಲ್ಲಿರುವ ಡಿಬಿಎ ಮೊದಲು ಟೇಬಲ್ ಮೇಲೆ ಸೆಲೆಕ್ಟ್ ಕೊಡುತ್ತಾನೆ, ಆಮೇಲೆ ಡಿಬಿ ಓನರ್ ರೋಲ್, ಕೊನೆಗೆ ಸಿಸ್‌ಅಡ್ಮಿನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವರದಿ ಓಡುತ್ತದೆ, ದೂರು ನಿಲ್ಲುತ್ತದೆ; ಗುಮಾಸ್ತನ ಕೈಗೆ ಇಡೀ ಸರ್ವರ್ ಸಿಕ್ಕಿರುತ್ತದೆ.

ನೋಡಬೇಕಾದ ಕ್ರಮ ಬೇರೆ. ಲಾಗಿನ್‌ಗೆ ಎರಡನೇ ಡೇಟಾಬೇಸ್‌ನಲ್ಲಿ ಯೂಸರ್ ಇರಲೇಬೇಕು, ಇಲ್ಲವೇ ಗೆಸ್ಟ್ ತೆರೆದಿರಬೇಕು. ಚೈನಿಂಗ್ ಇದನ್ನು ತಪ್ಪಿಸುವುದಿಲ್ಲ. ಆಮೇಲೆ ಎರಡೂ ಕಡೆಯ ಮಾಲೀಕರ ಎಸ್‌ಐಡಿ, ಆಮೇಲೆ ಎರಡೂ ಡೇಟಾಬೇಸ್‌ಗಳ ಚೈನಿಂಗ್ ಆಯ್ಕೆ. ಬೇರೆ ಸರ್ವರ್‌ನಿಂದ ತಂದ ಡೇಟಾಬೇಸ್ ಆದರೆ, ಅದರೊಳಗಿನ ಡಿಬಿಒ ಒಬ್ಬ, ಸರ್ವರ್ ಬರೆದುಕೊಂಡ ಮಾಲೀಕ ಇನ್ನೊಬ್ಬ ಆಗಿರುವುದುಂಟು. 15517ನೇ ಎರರ್ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆಲ್ಟರ್ ಆಥರೈಸೇಷನ್ ಎಂಬ ಒಂದೇ ಸಾಲಿನಲ್ಲಿ ಸರಿಹೋಗುತ್ತದೆ.

ಎಸ್‌ಕ್ಯೂಎಲ್ ಸರ್ವರ್ 2000ಕ್ಕೆ 2003ರಲ್ಲಿ ಬಂದ ಮೂರನೇ ಸರ್ವೀಸ್ ಪ್ಯಾಕ್, ಡೇಟಾಬೇಸ್ ದಾಟುವ ಈ ಚೈನಿಂಗನ್ನು ಆಫ್ ಮಾಡುವ ಆಯ್ಕೆ ಕೊಟ್ಟಿತು. ಒಳ್ಳೆಯದೇ. ಆದರೂ ಇಡೀ ಸರ್ವರ್‌ಗೆ ಒಮ್ಮೆಲೇ ಆನ್ ಮಾಡುವ ಸ್ವಿಚ್ಚನ್ನು ಉಳಿಸಿಕೊಂಡದ್ದು ನನಗೆ ಒಪ್ಪಿಗೆಯಿಲ್ಲ. ಎಲ್ಲ ಡೇಟಾಬೇಸ್‌ಗಳಿಗೂ ಎಸ್‌ಎ ಮಾಲೀಕನಾಗಿರುವುದು ಹಲವೆಡೆ ಶಿಸ್ತಿನ ಅಭ್ಯಾಸ. ಆ ಸ್ವಿಚ್ ಒತ್ತಿದರೆ ಶಿಸ್ತೇ ಕನ್ನಕಿಂಡಿಯಾಗುತ್ತದೆ: ಒಂದರಲ್ಲಿ ವ್ಯೂ ಬರೆಯಬಲ್ಲವನು, ತನಗೆ ಬರೀ ಪ್ರವೇಶವಿರುವ ಇನ್ನೊಂದರ ಟೇಬಲ್‌ಗಳನ್ನೂ ಓದಬಲ್ಲ. ಡೇಟಾಬೇಸನ್ನು ಸರ್ವರ್ ನಂಬುವಂತೆ ಮಾಡುವ ಟ್ರಸ್ಟ್‌ವರ್ದಿ ಆಯ್ಕೆ ಇನ್ನೂ ಕೆಟ್ಟದ್ದು. ಮಾಲೀಕ ಎಸ್‌ಎ ಆಗಿದ್ದರೆ, ಆ ಡೇಟಾಬೇಸ್‌ನ ಡಿಬಿ ಓನರ್ ಸದಸ್ಯ ಸಿಸ್‌ಅಡ್ಮಿನ್ ಆಗಿಬಿಡಬಲ್ಲ.

ಇವೆರಡಕ್ಕೂ ಬದಲಿ ದಾರಿಯೊಂದಿದೆ. 2005ರ ಆವೃತ್ತಿಯಲ್ಲಿ ಬಂದ ಸರ್ಟಿಫಿಕೇಟ್ ಸಹಿಯಲ್ಲಿ ನಂಬಿಕೆ ಮಾಲೀಕನ ಮೇಲಲ್ಲ, ಇಂಥದೇ ಪ್ರೊಸೀಜರ್‌ನ ಮೇಲೆ. ಪ್ರೊಸೀಜರ್ ತಿದ್ದಿದರೆ ಸಹಿ ಬಿದ್ದುಹೋಗುತ್ತದೆ. ಕೋಡ್ ಏರಿಸುವವರು ಇದನ್ನು ಶಾಪವೆನ್ನುತ್ತಾರೆ, ನಾನು ಗುಣವೆನ್ನುತ್ತೇನೆ. ಆದರೆ ಸರ್ಟಿಫಿಕೇಟ್, ಅದರ ನಕಲು, ಅದಕ್ಕೊಂದು ಯೂಸರ್, ಗ್ರಾಂಟ್, ಸಹಿ ಎಂದು ಎರಡೂ ಕಡೆ ಓಡಾಡಬೇಕು. ಸ್ವೀಡನ್ನಿನ ಎಸ್‌ಕ್ಯೂಎಲ್ ಸರ್ವರ್ ತಜ್ಞ ಎರ್ಲಾಂಡ್ ಸೊಮ್ಮರ್ಸ್ಕಾಗ್ ಇದನ್ನು ಬಿಡಿಸಿ ಹೇಳಲು ಬರೆದ ಲೇಖನ ಪುಸ್ತಕದಷ್ಟು ಉದ್ದವಿದೆ. ಅವರ ತಾಳ್ಮೆ ದೊಡ್ಡದು. ಅಷ್ಟು ತಾಳ್ಮೆ ಬೇಡುವ ಉತ್ಪನ್ನದ ಬಗ್ಗೆ ಅಷ್ಟೇ ಹೊಗಳಿಕೆ ಸಲ್ಲದು.

ಹೋಲಿಕೆಗೆ, ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಡೇಟಾಬೇಸ್‌ನ ಕ್ವೆರಿ ಇನ್ನೊಂದರ ಟೇಬಲ್ಲನ್ನು ನೇರವಾಗಿ ಮುಟ್ಟಲಾರದು. ಫಾರಿನ್ ಡೇಟಾ ರ‍್ಯಾಪರ್ ಹಾಕಿ, ಯಾವ ಯೂಸರ್ ಹೆಸರಲ್ಲಿ ದಾಟುವುದೆಂದು ಬರೆದಿಡಬೇಕು. ಒರಟು ವ್ಯವಸ್ಥೆ, ಆದರೆ ಮುಚ್ಚುಮರೆಯಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಒಟ್ಟಿಗೇ ಬದುಕುವ ಟೇಬಲ್‌ಗಳನ್ನು ಒಂದೇ ಡೇಟಾಬೇಸ್‌ನ ಎರಡು ಸ್ಕೀಮಾಗಳಲ್ಲಿಟ್ಟರೆ ಈ ಜಗಳದ ಬಹುಪಾಲು ಹುಟ್ಟುವುದೇ ಇಲ್ಲ. ಹೊರಗಿನ ಕಂಪನಿಯ ತಂತ್ರಾಂಶ ತನ್ನದೇ ಡೇಟಾಬೇಸ್ ಹಿಡಿದು ಕೂತಿದ್ದರೆ ಮಾತ್ರ ಸಹಿಯ ತಾಪತ್ರಯಕ್ಕೆ ಇಳಿಯಬೇಕು.