ಬೌದ್ಧರ ಚತುರ್ವಿಧ ವಿಭಾಗ ಮತ್ತು ವಾತ್ಸೀಪುತ್ರೀಯ ಪಕ್ಷ

ಜೈನ ದರ್ಶನಗ್ರಂಥಗಳ ಅಭ್ಯಾಸಿಗಳಿಗೆ ಬೌದ್ಧಮತವೆಂದೊಡನೆ ವೈಭಾಷಿಕ, ಸೌತ್ರಾಂತಿಕ, ಯೋಗಾಚಾರ, ಮಾಧ್ಯಮಿಕ ಎಂಬ ನಾಲ್ಕು ಹೆಸರುಗಳು ನೆನಪಿಗೆ ಬರುತ್ತವೆ. ಹರಿಭದ್ರಸೂರಿಗಳ ‘ಷಡ್ದರ್ಶನಸಮುಚ್ಚಯ’ದ ಕಾರಿಕೆಗಳು ಬೌದ್ಧಮತವನ್ನು ಒಂದೇ ದರ್ಶನವಾಗಿ ನಿರೂಪಿಸಿದರೆ, ಗುಣರತ್ನಸೂರಿಗಳ ಟೀಕೆಯು ಈ ನಾಲ್ಕನ್ನು ವಿವರಿಸುತ್ತದೆ. ವಾದಕ್ಕೆ ಈ ವಿಭಾಗ ಅನುಕೂಲವಾದುದೇ ಸರಿ. ಬಾಹ್ಯಾರ್ಥವು ಪ್ರತ್ಯಕ್ಷವೋ, ಅನುಮೇಯವೋ, ವಿಜ್ಞಾನಮಾತ್ರವೋ, ಶೂನ್ಯವೋ ಎಂಬ ಒಂದೇ ಪ್ರಶ್ನೆಗೆ ಅದು ನಾಲ್ಕು ಉತ್ತರಗಳನ್ನು ಕ್ರಮವಾಗಿ ಜೋಡಿಸುತ್ತದೆ. ಆದರೆ ಅದನ್ನೇ ಸಂಘದ ಇತಿಹಾಸವೆಂದು ಭಾವಿಸುವುದು ಯುಕ್ತವಲ್ಲ.

ಸಂಘವು ಒಡೆದುದು ನಿಕಾಯಗಳಾಗಿ. ಪರಂಪರೆಯು ಅವನ್ನು ಹದಿನೆಂಟೆಂದು ಎಣಿಸುತ್ತದೆ. ಭಿಕ್ಷುವಿನ ದೀಕ್ಷೆ, ವಿನಯಗಳು ನಿಕಾಯಕ್ಕೆ ಸೇರಿದವು; ಅವನ ಸಿದ್ಧಾಂತ ಬೇರೆಯಾಗಿರಬಹುದು. 1931ರಲ್ಲಿ ಗಿಲ್ಗಿಟ್‌ನಲ್ಲಿ ದೊರೆತ ಹಸ್ತಪ್ರತಿಗಳಲ್ಲಿ ಮೂಲಸರ್ವಾಸ್ತಿವಾದದ ವಿನಯವೂ ಮಹಾಯಾನಸೂತ್ರಗಳೂ ಒಟ್ಟಿಗಿದ್ದುವು. ವಸುಬಂಧುವಿನ ‘ಅಭಿಧರ್ಮಕೋಶ’ದ ಕಾರಿಕೆಗಳು ಕಾಶ್ಮೀರ ವೈಭಾಷಿಕರನ್ನು ಅನುಸರಿಸಿದರೆ, ಅವನದೇ ಭಾಷ್ಯವು ಅನೇಕ ಕಡೆ ಸೌತ್ರಾಂತಿಕ ಪಕ್ಷಕ್ಕೆ ವಾಲುತ್ತದೆ.

ಚತುರ್ವಿಧ ವಿಭಾಗದಲ್ಲಿ ಸಿಂಹಳದ ಥೇರವಾದಕ್ಕೆ ಸ್ಥಾನವಿಲ್ಲ. ಅದಕ್ಕಿಂತ ಗಂಭೀರವಾದ ಲೋಪ ವಾತ್ಸೀಪುತ್ರೀಯರದು. ಇವರ ಶಾಖೆಯಾದ ಸಮ್ಮಿತೀಯರು 7ನೆಯ ಶತಮಾನದಲ್ಲಿ ಅಲ್ಪಸಂಖ್ಯಾತರಾಗಿರಲಿಲ್ಲ. ವಲಭಿಯಲ್ಲಿ ಸುಮಾರು 6000 ಭಿಕ್ಷುಗಳಿದ್ದು ಹೆಚ್ಚಿನವರು ಈ ನಿಕಾಯದವರೆಂದು ಹ್ಯುಯೆನ್‌ತ್ಸಾಂಗ್ ಬರೆದಿದ್ದಾನೆ. ದೇವರ್ಧಿಗಣಿ ಕ್ಷಮಾಶ್ರಮಣರು ಶ್ವೇತಾಂಬರ ಆಗಮಗಳನ್ನು ಪುಸ್ತಕಾರೂಢಗೊಳಿಸಿದ ವಲಭಿಯೇ ಇದು. ಸ್ಕಂಧಗಳಿಂದ ಭಿನ್ನವೂ ಅಲ್ಲದ, ಅಭಿನ್ನವೂ ಅಲ್ಲದ, ಅವಕ್ತವ್ಯನಾದ ಪುದ್ಗಲನುಂಟೆಂಬುದು ಇವರ ಮತ. ಇಲ್ಲಿ ಪುದ್ಗಲನೆಂದರೆ ವ್ಯಕ್ತಿ, ಜೈನರ ರೂಪೀ ಅಜೀವದ್ರವ್ಯವಲ್ಲ. ‘ಅವಕ್ತವ್ಯ’ ಶಬ್ದವನ್ನು ಕಂಡು ಸಪ್ತಭಂಗಿಯನ್ನು ಸ್ಮರಿಸುವುದೂ ಆತುರವೇ ಆದೀತು. ಸ್ಯಾತ್ಕಾರದ ಅಪೇಕ್ಷೆಯಾಗಲಿ ದ್ರವ್ಯಪರ್ಯಾಯ ವಿವೇಕವಾಗಲಿ ಇವರಲ್ಲಿ ಕಾಣದು.

ಹೀಗಿರುವಾಗ ‘ಬೌದ್ಧರೆಲ್ಲರೂ ನಿರಾತ್ಮವಾದಿಗಳು’ ಎಂಬ ಒಂದೇ ವಾಕ್ಯದಿಂದ ಪೂರ್ವಪಕ್ಷವನ್ನು ಮುಗಿಸಿದರೆ, ಬೌದ್ಧರೊಳಗೇ ನಡೆದ ಆತ್ಮವಿವಾದ ಮರೆಯಾಗುತ್ತದೆ. ಅಭಿಧರ್ಮಕೋಶದ ಕೊನೆಯ ಭಾಗವು ವಾತ್ಸೀಪುತ್ರೀಯರ ಖಂಡನೆಗೇ ಮೀಸಲು. ಶಾಂತರಕ್ಷಿತನ ‘ತತ್ತ್ವಸಂಗ್ರಹ’ವಂತೂ ನೈಯಾಯಿಕ, ಮೀಮಾಂಸಕ, ಸಾಂಖ್ಯ, ದಿಗಂಬರ, ಅದ್ವೈತಿಗಳ ಆತ್ಮವಾದಗಳ ಸಾಲಿನಲ್ಲಿಯೇ ಇವರ ಮತವನ್ನೂ ಪರೀಕ್ಷಿಸುತ್ತದೆ. ದಿಗಂಬರರೂ ವಾತ್ಸೀಪುತ್ರೀಯರೂ ಒಂದೇ ಪ್ರಕರಣದಲ್ಲಿ ಖಂಡಿತರಾಗಿರುವ ಈ ಗ್ರಂಥದ ಮೂಲವೂ ಕಮಲಶೀಲನ ಪಂಜಿಕೆಯೂ ಸಂಸ್ಕೃತದಲ್ಲಿ ಉಳಿದುಬಂದುದು ಪಾಟಣ, ಜೈಸಲ್ಮೇರ್‌ಗಳ ಜೈನ ಭಂಡಾರಗಳಲ್ಲಿ. ಬರೋಡೆಯಿಂದ 1926ರಲ್ಲಿ ಅದು ಮುದ್ರಿತವಾಯಿತು.